ಎಸಿ ಇಲ್ಲದ ಸಣ್ಣ ಗಾಡ್ಯಾಗ ಕಲಬುರಗಿ ಬ್ಯಾಸಗಿ: ನಾ ಮಾಡಿದ್ದು ಹಿಂಗ

ಹೋದ ವರ್ಷ ಕಪನೂರ ಕಡಿ ಗಾಡಿ ನಿಂದ್ರಸೋ ಜಾಗದಾಗ ನನ್ನ ಗಾಡಿ ನೋಡಿ ಹೊಟ್ಟಿ ಹಿಡ್ಕೊಂಡು ನಕ್ಕವ್ರೇ ಈ ವರ್ಷ ಮಾರ್ಚ್ ಮುಗಿಯೋದ್ರೊಳಗ ಫೋನ್ ಹಚ್ಚಿ "ಅಣ್ಣಾ ಆ ಡಬ್ಬಿ ಹ್ಯಾಂಗ ಮಾಡೀದಿ, ಎಷ್ಟ್ ಬಿತ್ತು" ಅಂತ ಕೇಳ್ಲತ್ತಾರ. ಡಬ್ಬಿ ಅಂದ್ರ ಗಾಡಿ ಕಿಟಕಿಗಿ ನಾ ಹಚ್ಚಿದ ನೀರಿನ ಕೂಲರ್. ಒಬ್ಬೊಬ್ಬರಿಗಿ ಹೇಳಿ ಸಾಕಾತು, ಅದಕ್ಕ ಒಮ್ಮೆ ಬರ್ದೇ ಬಿಡ್ತೀನಿ. ಗಾಡಿ ಓಡ್ಸೋರಿಗಿ ಬರ್ದದ್ದು ಇದು, ಸ್ಪ್ಯಾನರ್ ಹಿಡಿಯೋದು ಹ್ಯಾಂಗ ಅಂತ ಹೇಳಾಂವಲ್ಲ.

ನಂದು ಸೀಟಿನ ಕೆಳಗ ಇಂಜಿನ್ ಇರೋ ಗಾಡಿ. ತೊಗರಿ ಬ್ಯಾಳಿ ಲೋಡ್, ದಾಲ್ ಮಿಲ್ಲಿಂದ ಜೇವರ್ಗಿ, ಶಹಾಪುರ, ಸಿಂದಗಿ, ಒಮ್ಮೊಮ್ಮೆ ಹುಮನಾಬಾದ್ ಮ್ಯಾಲ ಹಾದು ಜಹೀರಾಬಾದ್ ತನಕ. 2025ರಿಂದ ಹೊಸ ದೊಡ್ಡ ಟ್ರಕ್‌ಗೆ ಕೇಬಿನ್ ಎಸಿ ಕಡ್ಡಾಯ ಆಗ್ಯದ, ಆಗ್ಲಿ, ಛೊಲೊನೇ ಆತು, ಆದ್ರ ಅದು ಮೂರೂವರಿ ಟನ್ ಮ್ಯಾಲಿನ ಗಾಡಿಗಷ್ಟೇ, ನಮ್ಮಂಥವ್ರ ಗಾಡಿ ಅದ್ರಾಗ ಬರಂಗಿಲ್ಲ. ಏಪ್ರಿಲ್-ಮೇದಾಗ ನಮ್ ಕಡಿ ಸರ್ಕಾರಿ ಆಫೀಸ್ ಮುಂಜಾನಿ 8ಕ್ಕ ತೆಗ್ದು 1:30ಕ್ಕ ಮುಚ್ಚತಾರ, ಬ್ಯಾಳಿ ಚೀಲಕ್ಕ ಅಂಥ ಟೈಮ್ ಯಾರ್ ಕೊಡ್ತಾರ? ಮಧ್ಯಾಹ್ನ 2ಕ್ಕ ಲೋಡ್ ಮಾಡಿ ಸಂಜಿ ಒಳಗ ಇಳಸ್ರಿ ಅಂತಾರ ಸಾಹುಕಾರ್ರು.

ಹೊರಗಿಂದ ಎಸಿ ಕೂಡಸ್ಲಾಕ ಕೇಳ್ದೆ, ₹45,000 ಸುಮಾರು ಹೇಳಿದ್ರು, ಮ್ಯಾಲ ಲೀಟರಿಗಿ ಎರಡ್ ಕಿಲೋಮೀಟರ್ ಆವರೇಜ್ ಹೋಗ್ತದ ಅಂತ ಅವ್ರೇ ಹೇಳಿದ್ರು. ಇಷ್ಟ್ ಸಣ್ಣ ಇಂಜಿನ್‌ಗೆ ಲೋಡ್ ಎಳೀಬೇಕೋ ಕಂಪ್ರೆಸರ್ ತಿರುಗಸ್ಬೇಕೋ. ಬಿಟ್ಟೆ. ಆಮ್ಯಾಲ ಆನ್‌ಲೈನ್‌ದಾಗ ಮಿನಿ ಕೂಲರ್ ಅಂತ ಒಂದ್ ಪ್ಲಾಸ್ಟಿಕ್ ಡಬ್ಬಿ ತರಸ್ದೆ, ಹದಿನೆಂಟ್ನೂರು ಹೋತು. ಗಾಳಿ ಬರ್ತದ, ಮೂಗಿನ ತುದಿಗಷ್ಟೇ.

ಆಗ ಸಿಟ್ಟಿಗೆ ಫ್ರಿಜ್ಜಿಗಿ ಹಾಕ್ತಾರಲ್ಲ ವಾಯರ್ ಇರೋ ಥರ್ಮಾಮೀಟರ್, ಇನ್ನೂರು ರೂಪಾಯಿದು, ಅದ್ ತಂದು ಕೇಬಿನ್‌ದಾಗ ಎಲ್ಲಾ ಕಡಿ ಹಚ್ಚಿ ನೋಡ್ದೆ. ಹೊರಗ 42 ಇದ್ದಾಗ ಒಳಗ ತಲಿ ಹತ್ರ 50ರ ಮ್ಯಾಲ. ಟಾಪ್ ತಗಡಿಂದ ಒಂದಿಷ್ಟು, ಮುಂದಿನ ಗಾಜಿಂದ ಒಂದಿಷ್ಟು, ಆದ್ರ ಕಾಲು-ತೊಡಿ ಸುಡೋದು ಪೂರಾ ಸೀಟಿನ ಕೆಳಗಿಂದ. ನಾವು ಸುಮ್ನ ಬಿಸಲಿಗಿ ಬೈತೀವಿ ನೋಡ್ರಿ, ಅರ್ಧ ಬಿಸಿ ನಮ್ ಇಂಜಿನ್‌ದೇ. ಮೊದ್ಲು ಇದನ್ನ ಮುಚ್ಚಲಾರ್ದ ಎಂಥ ಕೂಲರ್ ಹಚ್ಚಿದ್ರೂ ರೊಕ್ಕ ನೀರಾಗ.

ಇಂಜಿನ್ ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್ ಇರ್ತದ, ನಾಕ್ ವರ್ಷದಾಗ ಕಲ್ಲಾಗಿ ಬಿರುಕ್ ಬಿಟ್ಟಿರ್ತದ, ಯಾರೂ ಬದಲ್ ಮಾಡಂಗಿಲ್ಲ. ಅದ್ರ ಸಂದಿಂದ ಬಿಸಿ ಗಾಳಿ ಸೀದಾ ಮ್ಯಾಲ. ಕಾರಿನ ಬಾಗಲ ಬೀಡಿಂಗ್ ಮೀಟರ್ ಲೆಕ್ಕದಾಗ ತಂದು ಹಚ್ಚಿದೆ, ನೂರೈವತ್ತು ಆಗಿರ್ಬೇಕು. ಆಮ್ಯಾಲ ಮುಚ್ಚಳದ ಒಳಮೈಗೆ ಗ್ಲಾಸ್ ವೂಲ್. ಅದು ಕೆಟ್ಟ ಕೆಲಸ ರೀ, ಮೈಯೆಲ್ಲಾ ತುರಿಕಿ, ಹದಿನೈದ್ ದಿನದಾಗ ಡೀಸೆಲ್ ಹೀರ್ಕೊಂಡು ಕರ್ರಗಾತು, ಬೆಂಕಿ ಹತ್ತಿದ್ರ ಕೆಳಗ ಇಳಿಲಾಕ ಭಿ ಟೈಮ್ ಸಿಗಂಗಿಲ್ಲ. ಕಿತ್ತು ಒಗೆದೆ. ಕೊನಿಗಿ ಸೆಂಟ್ರಲ್ ಎಸಿ ಡಕ್ಟ್ ಕೆಲಸ ಮಾಡೋರು ಇರ್ತಾರಲ್ಲ, ಅವ್ರ ಹತ್ರ ಉಳಿದ ಕರಿ ನೈಟ್ರೈಲ್ ಫೋಮ್ ತುಂಡು, ಒಂದ್ ಮಗ್ಗಲು ಅಲ್ಯುಮಿನಿಯಂ ಹಾಳಿ ಇರೋದು, ಚಾ ಕುಡಿಸಿ ತಂದೆ. ಎಸಿ ಬ್ಯಾಡ ಅಂದಾಂವಗ ಎಸಿದೇ ಸಾಮಾನು. ಒಂದ್ ಮಾತ್ ನೆನಪಿಡ್ರಿ, ಆ ಫೋಮ್ ನೂರು ಡಿಗ್ರಿ ಆಸುಪಾಸು ತನಕಷ್ಟೇ ತಡೀತದ, ಸೈಲೆನ್ಸರ್ ಪೈಪಿಂದ ಒಂದ್ ಅಂಗೈ ಆದ್ರೂ ದೂರ ಇರ್ಲಿ. ಪೈಪಿಗಿ ಬ್ಯಾರೆ ಫೈಬರ್ ಟೇಪ್ ಸಿಗ್ತದ, ಬೈಕ್ ಹುಡುಗ್ರು ಸ್ಟೈಲಿಗಿ ಸುತ್ತತಾರಲ್ಲ ಅದೇ, ನಾನೂರು ಕೊಟ್ಟೆ. ಇಷ್ಟು ಮಾಡಿದ ದಿನಾನೇ ಸೀಟ್ ಮ್ಯಾಲ ಕೈ ಇಟ್ರ ಫರಕ್ ಗೊತ್ತಾತು.

ಟಾಪಿಗಿ ಮೊದ್ಲು ಸುಣ್ಣದಾಗ ಫೆವಿಕಾಲ್ ಕಲಸಿ ಹಚ್ಚಿದೆ, ಬೇಷ್ ತಂಪಾಗಿತ್ತು, ಒಂದ್ ಅಡ್ಡಮಳಿಗಿ ಎಲ್ಲಾ ಇಳಿದು ಗಾಜಿನ ಮ್ಯಾಲ ಬಂತು. ಆಮ್ಯಾಲ ಸಗಣಿ. ನಗಬ್ಯಾಡ್ರಿ, 2019ರಾಗ ಅಹಮದಾಬಾದ್‌ದಾಗ ಒಬ್ಬಾಕಿ ಕಾರಿಗೆಲ್ಲಾ ಸಗಣಿ ಸಾರ್ಸಿದ ಫೋಟೋ ದೇಶಾನೇ ನೋಡ್ಯದ. ಕಾರು ನಿಂತಲ್ಲೇ ನಿಂತ್ರ ಅದು ನಡೀತದ ಅಂತ ಕಾಣ್ತದ, ನನ್ನ ಗಾಡಿ ಜೇವರ್ಗಿ ರೋಡಿನ ತಗ್ಗಿನಾಗ ಕುಣದ ಮ್ಯಾಲ ಒಣಗಿದ ಸಗಣಿ ಹೆಕ್ಕಳಿಕಿ ಎದ್ದು ಹಿಂದ ಬರೋ ಬೈಕ್‌ನವ್ರ ಮ್ಯಾಲ ಹಾರ್ತು, ಒಬ್ಬಾಂವ ಅಡ್ಡ ನಿಂತು ಬೈದು ಹೋದ. ಈಗ ಇರೋದು ಮಾಳಿಗಿಗಿ ಹಚ್ಚೋ ಬಿಳಿ ಅಕ್ರಿಲಿಕ್ ಬಣ್ಣ, ಅದ್ರಾಗ ನಾ ಇನ್ನೊಂದು ಪುಡಿ ಕಲಸ್ತೀನಿ, ಅದ್ಯಾವ್ದು ಅನ್ನೋದು ನಂದು ಇರ್ಲಿ. ಒಳಗ ತಗಡಿಗೂ ಹಾರ್ಡ್‌ಬೋರ್ಡಿಗೂ ನಡು ಒಂದ್ ಬೆರಳಷ್ಟು ಸಂದಿ ಬಿಟ್ಟೀನಿ, ಥರ್ಮಾಕೋಲ್ ತುಂಬಿ ನೋಡ್ದೆ, ಅದು ದಾರಿ ಉದ್ದಕ್ಕ ಕಿರ್ರ್ ಕಿರ್ರ್ ಅಂತದ, ತಲಿ ಕೆಟ್ಟು ತೆಗ್ದೆ.

ಗಾಜಿಗಿ ಕರಿ ಫಿಲ್ಮ್ ಹಚ್ಚಬ್ಯಾಡ್ರಿ, 2012ರಾಗ ಸುಪ್ರೀಂ ಕೋರ್ಟ್ ಕೊಟ್ಟ ಆರ್ಡರ್ ತೋರ್ಸಿ ಪೊಲೀಸ್ರು ದಂಡ ಹಾಕ್ತಾರ, ಆ ರೊಕ್ಕದಾಗ ಈ ಕೆಲಸ ಅರ್ಧ ಮುಗೀತದ. ಗಾಡಿ ನಿಂತಾಗ ಮುಂದಿನ ಗಾಜಿಗಿ ಬೆಳ್ಳಿ ಶೀಟ್ ಇಟ್ರ ಸಾಕು.

ಇಲ್ಲಿಗಿ ಒಳಗ 50 ಇದ್ದದ್ದು 44ಕ್ಕ ಬಂತು. ಅಂದ್ರ ಹೆಚ್ಚುಕಮ್ಮಿ ಹೊರಗಿನಷ್ಟೇ. ಇನ್ನ ಇದಕ್ಕೂ ಕೆಳಗ ಹೋಗ್ಬೇಕಂದ್ರ ನೀರು ಬೇಕು.

ನಮ್ಮೂರಾಗ ಮನಿಗೊಂದು ಹುಲ್ಲಿನ ಕೂಲರ್ ಅದ, ಅದೇ ಗಾಡಿಗಿ ಆಗಲ್ಲ ಅಂತ ಎಲ್ಲಾರೂ ಹ್ಯಾಂಗ ಅಂತಾರೋ. ಮಿಸ್ತ್ರಿ ಅಂತೂ "ಭಾಯ್, ಒಳಗ ಬರೇ ಹಸಿ ಆಗ್ತದ, ಮೈ ಜಿಗಿಜಿಗಿ ಆಗ್ತದ" ಅಂದ. ಅಂವ ಹೇಳಿದ್ದು ಗಾಜು ಪೂರಾ ಮುಚ್ಚಿದ್ರ ಖರೇ. ಕೂಲರ್ ಗಾಳಿ ಒಂದ್ ಕಡಿ ಬಂದು ಇನ್ನೊಂದ್ ಕಡಿ ಹೋಗ್ಲೇಬೇಕು. ನಾ ಡ್ರೈವರ್ ಕಡಿ ಗಾಜು ನಾಕ್ ಬೆರಳು ಇಳಿಸಿ ಓಡಸ್ತೀನಿ, ಎಡಗಡಿ ಡಬ್ಬಿ.

ಡಬ್ಬಿ ಮೊದ್ಲು ಕೇಬಿನ್ ಹಿಂದ ಹಚ್ಚಿದ್ದೆ, ಗುಜರಿಂದ ಕಾರಿನ ರೇಡಿಯೇಟರ್ ಫ್ಯಾನ್ ತಂದು, ತಗಡು ಬಡ್ಸಿ, ಎರಡೂವರಿ ಸಾವಿರ ಹೋತು. ಇಂಜಿನ್ ಬಿಸಿ ಎಲ್ಲಾ ಅಲ್ಲೇ ಏಳ್ತದ, ಅದನ್ನೇ ಎಳ್ದು ಒಳಗ ಕೊಡ್ಲತ್ತಿತ್ತು, ಬ್ಯಾಟರಿ ಭಿ ಕುಡೀತು. ಈಗ ಎಡ ಬಾಗಲ ಕಿಟಕಿ ಹಿಂದಿನ ಅರ್ಧದಾಗ ಅದ, ಮುಂದಿನ ಅರ್ಧ ಖುಲ್ಲಾ, ಮಿರರ್ ಕಾಣ್ಬೇಕಲ್ಲ. ಹೊರಗ ನಾಕ್ ಬೆರಳಷ್ಟೇ ಚಾಚ್ಯದ, ಬಾಯಿ ಮುಂದಕ್ಕ. ಗಾಡಿ 30-40ರಾಗ ಓಡಿದ್ರ ಸಾಕು, ಗಾಳಿ ತಾನೇ ನುಗ್ತದ, ಫ್ಯಾನೇ ಬ್ಯಾಡ. ಗೇಟು, ಟೋಲ್‌ದಾಗ ನಿಂತಾಗ ಎರಡ್ ಕಂಪ್ಯೂಟರ್ ಫ್ಯಾನ್ ಹಚ್ಚೀನಿ, 12 ವೋಲ್ಟ್‌ದು. ಬಾಯಿ ಎಷ್ಟ್ ಓರೆ ಇರ್ಬೇಕು ಅನ್ನೋದಕ್ಕೇ ಒಂದ್ ಬ್ಯಾಸಗಿ ಹೋಗ್ಯದ, ಅದನ್ನ ಬಂದು ನೋಡೇ ಕಲೀರಿ.

ಡಬ್ಬಿ ಒಳಗ ತೊಯ್ಸಿ ಇಡೋ ಹುಲ್ಲು ಅಂದ್ರ ಕೂಲರ್ ಹುಲ್ಲು ಅಗ್ಗ, ಆದ್ರ ಓಡೋ ಗಾಳಿಗಿ ಸಣ್ಣ ಸಣ್ಣ ಎಳಿ ಕಿತ್ತು ಕಣ್ಣಾಗ ಬರ್ತದ. ಲಾವಂಚ ಹಾಕ್ದಾಗ ವಾಸನಿ ಏನ್ ಹೇಳ್ಲಿ, ಗಾಡಿ ಅನ್ನೋದು ಮದಿ ಮನಿ ಆಗಿತ್ತು, ಆದ್ರ ತೊಯ್ದು ಕೆಳಗ ಕುಸೀತದ, ಬೆಲಿ ಭಿ ಜಾಸ್ತಿ. ಜೇನುಗೂಡಿನಂಥ ಕಾಗದದ ಪ್ಯಾಡ್ ಬಂದದಲ್ಲ, ಕೂಲರ್ ರಿಪೇರಿಯವ್ರ ಹತ್ರ ದೊಡ್ಡ ಪ್ಯಾಡಿಂದ ಕತ್ತರಿಸಿದ ತುಂಡು ಇನ್ನೂರೈವತ್ತಕ್ಕ ತಂದೆ, ಅದೇ ನಿಂತದ.

ನೀರು ಬಿಡ್ಲಾಕ ವೈಪರಿಗಿ ನೀರು ಹೊಡಿಯೋ ಪಂಪ್ ಹಚ್ಚಿದ್ದೆ. ಅದು ಎರಡ್ ಸೆಕೆಂಡ್ ಹೊಡ್ದು ನಿಂದ್ರಲಾಕ ಮಾಡಿದ್ದು, ತಾಸುಗಟ್ಟಲೆ ಓಡಿಸಿದ್ರ ಸುಟ್ಟೇ ಹೋಗ್ತದ, ಎರಡ್ ಸುಟ್ವು. ಆಮ್ಯಾಲ ಹೊಳೀತು, ಮೆಡಿಕಲ್‌ದಾಗ ಸಲೈನ್ ಹಚ್ಚೋ ಪೈಪ್ ಸಿಗ್ತದ, ಇಪ್ಪತ್ತು-ಮೂವತ್ತು ರೂಪಾಯಿ, ಹನಿ ಹೆಚ್ಚು-ಕಮ್ಮಿ ಮಾಡೋ ಗಾಲಿ ಅದ್ರಾಗೇ ಅದ. ಟಾಪ್ ಮ್ಯಾಲ 20 ಲೀಟರ್ ಕ್ಯಾನ್, ಅದ್ರಿಂದ ಮೂರು ಸಲೈನ್ ಪೈಪ್. ಪಂಪಿಲ್ಲ, ಕರೆಂಟಿಲ್ಲ. ತಾಸಿಗಿ ಎರಡೂವರಿ ಲೀಟರ್ ಹೋಗ್ತದ ಸುಮಾರು. ಮೆಡಿಕಲ್‌ನಾಂವ "ಯಾರಿಗಿ ಸಲೈನ್" ಅಂದ, ಗಾಡಿಗಿ ಅಂದೆ.

ಇಲ್ಲಿ ಎಲ್ಲಾರೂ ವಾದ ತೆಗೀತಾರ: ಬಿಸಲಾಗ ಕ್ಯಾನ್ ನೀರು ಕಾದು ಚಾ ಆಗಿರ್ತದ, ಅದ್ರಿಂದ ತಂಪು ಹ್ಯಾಂಗ? ನೀರು ಬಿಸಿ ಇದ್ರೂ ನಡೀತದ ರೀ, ತಂಪು ಆಗೋದು ನೀರು ಆರೋದ್ರಿಂದ. ಬರ್ಫ್ ಹಾಕಿ ಭಿ ನೋಡೀನಿ, ಫ್ಯಾಕ್ಟರಿಂದ ಹತ್ ಕಿಲೋ ಗಡ್ಡಿ ತಂದು ಬಕೆಟ್‌ದಾಗ ಇಟ್ಟು ಫ್ಯಾನ್ ಬಿಟ್ಟೆ, ಶಹಾಪುರ ಮುಟ್ಟೋದ್ರೊಳಗ ನೀರು. ಸೈನ್ಸ್ ಹೇಳೋ ಮಾಸ್ತರೊಬ್ಬರು ನಮ್ ಓಣ್ಯಾಗ ಅದಾರ, ಲೆಕ್ಕ ಮಾಡಿ ತೋರ್ಸಿದ್ರು, ಹತ್ ಕಿಲೋ ಬರ್ಫ್ ಕರಗಿ ಎಷ್ಟು ಬಿಸಿ ಎಳೀತದೋ ಅಷ್ಟನ್ನ ಒಂದೂವರಿ ಲೀಟರ್ ಒಳಗಿನ ನೀರು ಆರಿ ಎಳೀತದ ಅಂತ. ಆವತ್ತಿಂದ ಬರ್ಫ್ ಮಜ್ಜಿಗಿಗಷ್ಟೇ.

ಈಗ ಹೊರಗ 42 ಇದ್ರ ಡಬ್ಬಿಯಿಂದ ಒಳಗ ಬರೋ ಗಾಳಿ 29-30, ತಲಿ ಹತ್ರ 34. ಮೂರ್ ಗಂಟಿ ಬಿಸಲಾಗ 34 ಅಂದ್ರ ನಮಗ ಊಟಿ. ಕ್ಲೀನರ್ ಹುಡುಗನದು ಒಂದೇ ತಕರಾರು, ಎಡ ಭುಜ ಯಾವಾಗ್ಲೂ ತೊಯ್ದಿರ್ತದ ಅಂತ. ಮೊದ್ಲು ಜಾಗ ಬದಲ್ ಮಾಡು ಅಂತಿದ್ದ, ಈಗ ಬ್ಯಾರೆ ಗಾಡಿಗಿ ಹೋಗು ಅಂದ್ರ ಹೋಗಂಗಿಲ್ಲ. ಬಟ್ಟಿ ವಿಷಯ ಜಾಸ್ತಿ ಹೇಳಂಗಿಲ್ಲ, ತುಂಬ ತೋಳಿನ ಕಾಟನ್ ಅಂಗಿ, ಕುತಿಗಿಗಿ ಹಸಿ ಟವೆಲ್, ಸೀಟಿಗಿ ಮಣಿ ಕವರ್. ಬನಿಯನ್ ಮ್ಯಾಲ ಓಡ್ಸೋರು ಬಿಸಿಗಾಳಿ ಸೀದಾ ಮೈಗಿ ತಗೋತಾರ.

ಇದು ಎಲ್ಲಾ ಊರಿಗಿ ನಡಿಯಂಗಿಲ್ಲ. ಮನಿ ಸಾಮಾನಿನ ಬಾಡಗಿ ಸಿಕ್ಕು ಹುಬ್ಬಳ್ಳಿ ಮ್ಯಾಲ ಅಂಕೋಲಾ ಕಡಿ ಹೋಗಿದ್ದೆ. ಯಲ್ಲಾಪುರ ತನಕ ರಾಜನಂಗ ಹೋದೆ, ಅರಬೈಲ್ ಘಾಟ್ ಇಳೀತಿದ್ದಂಗ ಡಬ್ಬಿ ಸತ್ತೇ ಹೋತು. ಅಲ್ಲಿ ಗಾಳ್ಯಾಗೇ ನೀರು ತುಂಬ್ಯದ, ಪ್ಯಾಡ್ ಮ್ಯಾಲಿನ ನೀರು ಆರ್ಲಾಕ ಜಾಗಿಲ್ಲ. ಹೊರಗ 34 ಅಷ್ಟೇ ಇತ್ತು, ಆದ್ರ ಕಲಬುರಗಿ 42ಕ್ಕಿಂತ ಕೆಟ್ಟ ಧಗಿ. ನೀರು ಬಂದ್ ಮಾಡಿ, ಎರಡೂ ಗಾಜು ಇಳ್ಸಿ ಓಡಸ್ದೆ. ಕರಾವಳಿಯವ್ರು ನನಗ ಫೋನ್ ಮಾಡಬ್ಯಾಡ್ರಿ, ಇಂಜಿನ್ ಮುಚ್ಚಳ ಮತ್ತ ಟಾಪ್ ಕೆಲಸ ಮಾಡ್ಸಿ, ಅಷ್ಟೇ ನಿಮಗ ಉಪಯೋಗ.

ಖರ್ಚು ಕೇಳಿದ್ರ, ಈಗ ಗಾಡ್ಯಾಗ ಇರೋ ಸಾಮಾನು ಎಲ್ಲಾ ಕೂಡಿ ನಾಕ್ ಸಾವಿರದ ಒಳಗ. ಹಾಳಾದದ್ದು ಸೇರ್ಸಿದ್ರ ಒಂಬತ್ತು-ಹತ್ತು ಆಗಿರ್ಬೇಕು, ಮನ್ಯಾಗ ಆರು ಅಂತ ಹೇಳೀನಿ.

ಮಾಡ್ಕೊಳ್ಳೋರು ನೀರಿನ ಕಡಿ ಲಕ್ಷ್ಯ ಇಡ್ರಿ. ಬೋರಿನ ಸವಳ ನೀರು ಹಾಕಿದ್ರ ತಿಂಗಳದಾಗ ಪ್ಯಾಡ್ ಬೆಳ್ಳಗ ಕಲ್ಲಾಗ್ತದ, ಗಾಳಿ ಹಾಯಂಗಿಲ್ಲ, ಸಲೈನ್ ಪೈಪಿನ ಬಾಯಿ ಕಟ್ಟತದ. ನಳದ ನೀರೇ ತುಂಬ್ರಿ, ವಾರಕ್ಕೊಮ್ಮೆ ಪ್ಯಾಡ್ ಬಿಚ್ಚಿ ತೊಳೀರಿ. ರಾತ್ರಿ ಗಾಡಿ ಬಿಡೋಕ್ಕಿಂತ ಅರ್ಧ ತಾಸು ಮೊದ್ಲೇ ನೀರು ಬಂದ್ ಮಾಡಿ ಗಾಳಿಗಿ ಒಣಗಿಸ್ರಿ, ಹಸೀನೇ ಬಿಟ್ರ ಮರುದಿನ ಬಾಗಲ ತೆಗದ್ರ ಹಳಸಿದ ವಾಸನಿ. ಜೂನ್‌ದಾಗ ಮಳಿ ಹಿಡೀತಿದ್ದಂಗ ಡಬ್ಬಿ ಪೂರಾ ಇಳಸಿ ಇಡ್ರಿ, ಆ ಗಾಳಿಗಿ ಇದು ಕೆಲಸ ಮಾಡಂಗಿಲ್ಲ, ಬರೇ ಗುಂಗಾಡ ಸಾಕಿದಂಗ ಆಗ್ತದ.