ಬೋರ್ಡ್ ಮೀಟಿಂಗಿನಲ್ಲಿ ಆಕಳಿಕೆ ಬರದಿರಲು

ನಾನು ಕಂಪನಿ ಸೆಕ್ರೆಟರಿ. ಬೋರ್ಡ್ ಮೀಟಿಂಗಿನಲ್ಲಿ ನನ್ನ ಕೆಲಸ ಮಾತಾಡುವುದಲ್ಲ, ಬರೆದುಕೊಳ್ಳುವುದು. ಹಾಗಾಗಿ ಯಾರು ಯಾವಾಗ ಆಕಳಿಸಿದರು ಅನ್ನುವುದೂ ಕಾಣುತ್ತದೆ. ಮಿನಿಟ್ಸ್‌ನಲ್ಲಿ, ಅಂದರೆ ಮೀಟಿಂಗಿನ ನಡಾವಳಿಯಲ್ಲಿ, ಅದನ್ನು ಬರೆಯುವ ಹಾಗಿಲ್ಲ, ಅಷ್ಟೇ.

ಹಿಂದೆ ಒಂದು ಕಡೆ ಮೂರು ಗಂಟೆಯ ಮೀಟಿಂಗ್, ನೂರು ಚಿಲ್ಲರೆ ಸ್ಲೈಡು. ಹೊಸ ಘಟಕ ಹಾಕಬೇಕೋ ಬೇಡವೋ ಅನ್ನುವ ವಿಷಯ ಕಟ್ಟಕಡೆಗೆ ಬಂತು. ಅಷ್ಟರಲ್ಲಿ ಒಬ್ಬ ಡೈರೆಕ್ಟರ್ ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಹತ್ತು ನಿಮಿಷದಲ್ಲಿ ಎಲ್ಲರೂ ‘ಸರಿ’ ಅಂದರು. ನಾನು ‘ಚರ್ಚಿಸಿ ಅನುಮೋದಿಸಲಾಯಿತು’ ಎಂದು ಬರೆದೆ. ಚರ್ಚೆ ಎಲ್ಲಿ ಆಗಿತ್ತು?

ಅಂದಿನಿಂದ ನಾನು ಅಜೆಂಡಾ ಬರೆಯುವ ರೀತಿಯನ್ನೇ ಬದಲಾಯಿಸಿದೆ. ‘ಹೊಸ ಘಟಕ’ ಎಂದಷ್ಟೇ ಬರೆಯುವುದಿಲ್ಲ. ‘ಹೊಸ ಘಟಕವನ್ನು ಈ ವರ್ಷವೇ ಹಾಕಬೇಕೇ, ಮುಂದಿನ ವರ್ಷಕ್ಕೆ ಬಿಡಬೇಕೇ?’ ಎಂದು ಬರೆಯುತ್ತೇನೆ. ಪ್ರಶ್ನೆ ಕಂಡರೆ ಜನ ಉತ್ತರ ಯೋಚಿಸಿಕೊಂಡು ಬರುತ್ತಾರೆ. ಎಷ್ಟು ಯೋಚಿಸಿದರೂ ಪ್ರಶ್ನೆಯೇ ಹೊಳೆಯದಿದ್ದರೆ ಆ ವಿಷಯಕ್ಕೆ ಮೀಟಿಂಗ್ ಬೇಕಾಗಿಲ್ಲ, ಒಂದು ಇಮೇಲ್ ಸಾಕು.

ಭಾರದ ವಿಷಯ ಮೊದಲಿಗೇ ಬರಲಿ. ಹಳೆಯ ಮಿನಿಟ್ಸ್ ಒಪ್ಪುವುದು, ಮಾಮೂಲಿ ವರದಿಗಳು, ಇವನ್ನೆಲ್ಲ ಒಂದು ಕಟ್ಟು ಮಾಡಿ ಒಂದೇ ಸಲ ಪಾಸ್ ಮಾಡಿಸಿ. ಇದಕ್ಕೆ ಕನ್ಸೆಂಟ್ ಅಜೆಂಡಾ ಎನ್ನುತ್ತಾರೆ. ಯಾರಿಗಾದರೂ ಅದರಲ್ಲಿ ಒಂದು ಅನುಮಾನವಿದ್ದರೆ ಅದನ್ನಷ್ಟೇ ಹೊರಗೆ ತೆಗೆದು ಮಾತಾಡಿದರಾಯಿತು. ಹೀಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದನ್ನು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1957ರಲ್ಲೇ ತಮಾಷೆಯಾಗಿ ಹೇಳಿದ್ದಾರೆ. ಅವರ ಕಲ್ಪನೆಯ ಸಮಿತಿ ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ಶೆಡ್ ಬಗ್ಗೆ ಮಾತ್ರ 45 ನಿಮಿಷ ವಾದ! ರಿಯಾಕ್ಟರ್ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ ಎಲ್ಲರಿಗೂ ಗೊತ್ತು, ಅಲ್ವಾ?

ಕಾಗದಪತ್ರ ಒಂದು ವಾರ ಮೊದಲೇ ಡೈರೆಕ್ಟರುಗಳ ಕೈ ಸೇರಬೇಕು. ಪ್ರತಿ ದೊಡ್ಡ ವಿಷಯಕ್ಕೂ ಮೇಲೆ ಒಂದು ಪುಟ: ಬೋರ್ಡಿನಿಂದ ಏನು ಬೇಕು, ದಾರಿಗಳು ಯಾವುವು, ಎಲ್ಲಿ ಕೈಸುಡಬಹುದು, ಮ್ಯಾನೇಜ್‌ಮೆಂಟ್ ಯಾವುದರ ಕಡೆಗಿದೆ. ಉಳಿದದ್ದು ಅನುಬಂಧಕ್ಕೆ. ‘ಓದಿಕೊಂಡು ಬಂದಿದ್ದೀರಿ ಅಂದುಕೊಳ್ಳುತ್ತೇವೆ’ ಎಂದು ಶುರುಮಾಡಿ, ಸ್ಲೈಡ್ ಓದಬೇಡಿ. ಓದಿರುವುದಿಲ್ಲ ಎಂಬ ಭಯವಿದ್ದರೆ ಅಮೆಜಾನ್‌ನವರ ದಾರಿ ಹಿಡಿಯಬಹುದು: ಅಲ್ಲಿ ಸ್ಲೈಡಿನ ಬದಲು ಆರು ಪುಟದ ಟಿಪ್ಪಣಿ ಇರುತ್ತದೆ, ಮೊದಲು ಎಲ್ಲರೂ ಕೂತು ಸುಮ್ನೆ ಓದುತ್ತಾರೆ. ಮೊದಲ ಸಲ ಆ ಮೌನ ತುಂಬಾ ಮುಜುಗರ. ಪುಟ ತಿರುಗಿಸುವ ಸದ್ದು ಬಿಟ್ಟರೆ ಏನೂ ಇಲ್ಲ. ಆದರೆ ಆಮೇಲೆ ಬರುವ ಪ್ರಶ್ನೆಗಳೇ ಬೇರೆ.

ಚೇರ್‌ಮನ್ ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು. ಅವರು ಮೊದಲೇ ಹೇಳಿಬಿಟ್ಟರೆ ಅರ್ಧ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ವಿಡಿಯೊದಲ್ಲಿ ಇರುವವರನ್ನು ಮೊದಲು ಮಾತಾಡಿಸಿ, ಇಲ್ಲವಾದರೆ ಅವರು ಗೋಡೆಯ ಮೇಲಿನ ಫೋಟೊ ಆಗಿಬಿಡುತ್ತಾರೆ.

ಎಲ್ಲರೂ ಬೇಗ ಒಪ್ಪಿಬಿಟ್ಟರೆ ನನಗೆ ಅನುಮಾನ. ಆಗ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರ ಪ್ರೀ-ಮಾರ್ಟಮ್ ಕೆಲಸಕ್ಕೆ ಬರುತ್ತದೆ. ‘ಒಂದು ವರ್ಷ ಕಳೆದಿದೆ, ಈ ಯೋಜನೆ ನೆಲ ಕಚ್ಚಿದೆ ಅಂದುಕೊಳ್ಳಿ. ಯಾಕೆ?’ ಎಂದು ಕೇಳಿ, ಎರಡು ನಿಮಿಷ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಒಂದು ಸಲ ಬಾಯೇ ಬಿಡದ ಒಬ್ಬ ಡೈರೆಕ್ಟರ್ ಬರೆದದ್ದು ಎರಡೇ ಪದ: ‘ಒಬ್ಬನೇ ಗ್ರಾಹಕ’. ಆ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು.

ಮೀಟಿಂಗ್ ಮುಗಿಯುವ ಮುಂಚೆ ತೀರ್ಮಾನಗಳನ್ನು ನಾನು ಜೋರಾಗಿ ಓದುತ್ತೇನೆ: ಏನು, ಯಾರು, ಯಾವ ತಾರೀಕಿನೊಳಗೆ. ‘ನಾನು ಹಾಗೆ ಹೇಳಲಿಲ್ಲ’ ಅನ್ನುವವರು ಅಲ್ಲೇ ಹೇಳಿಬಿಡಲಿ, ಎರಡು ತಿಂಗಳ ಮೇಲೆ ಬೇಡ. ಕಡೆಯ ಹದಿನೈದು ನಿಮಿಷ ಕಂಪನಿಯ ನೌಕರಿಯಲ್ಲಿಲ್ಲದ ಡೈರೆಕ್ಟರುಗಳು ಮಾತ್ರ ಒಳಗೆ ಕೂರುತ್ತಾರೆ. ಸಿಇಒ, ನಾನು, ಇಬ್ಬರೂ ಹೊರಗೆ. ಕಾರಿಡಾರಿನಲ್ಲಿ ಸಿಇಒ ಫೋನ್ ನೋಡುತ್ತಾ ನಿಂತಿರುತ್ತಾರೆ, ನಾನು ಮಿನಿಟ್ಸ್ ಶುರುಮಾಡಿರುತ್ತೇನೆ.