ಓಟದ ಫಲಿತಾಂಶದಿಂದ ತಂಡದ ಅಂಕ ಲೆಕ್ಕ ಹಾಕುವ ಕ್ರಮ

ಕುಂಬಳೆ, ಮಂಜೇಶ್ವರದ ಕಡೆಯ ಓಟದ ಬಳಗಗಳು ಸ್ಪರ್ಧೆಯ ದಿನವೇ ಪ್ರತಿಯೊಬ್ಬರ ಎದೆಸಂಖ್ಯೆ, ಹೆಸರು, ಸ್ಥಾನ, ಸಮಯಗಳನ್ನು ಒಂದೇ ಸಾಲಿನಲ್ಲಿ ಬರೆದಿಡಬೇಕು. ಒಂದೇ ಹೆಸರು ಒಂದು ಪಟ್ಟಿಯಲ್ಲಿ ಮಲಯಾಳದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ಇರಬಹುದಾದ ನಮ್ಮ ಕಾಸರಗೋಡಿನಲ್ಲಿ ಹೆಸರಿಗಿಂತ ಸಂಖ್ಯೆಯನ್ನೇ ನಂಬುವುದು ಕ್ಷೇಮ.

ರಸ್ತೆ ಓಟದ ಅಧಿಕೃತ ಸಮಯವನ್ನು ಮುಂದಿನ ಪೂರ್ಣ ಸೆಕೆಂಡಿಗೆ ಏರಿಸಿ ಬರೆಯಲಾಗುತ್ತದೆ. 42 ನಿಮಿಷ 10.3 ಸೆಕೆಂಡು ಎಂಬುದು 42 ನಿಮಿಷ 11 ಸೆಕೆಂಡಾಗುತ್ತದೆ. ಬೇಕಲದ ಮರಳಿನಲ್ಲಿ ಓಡಿದ ಸಮಯವನ್ನು ಡಾಂಬರು ರಸ್ತೆಯ ಸಮಯದೊಡನೆ ಹೋಲಿಸಬೇಡಿ, ಅದು ಓಟಗಾರರಿಗೆ ಮಾಡುವ ಅನ್ಯಾಯ.

ತಂಡದ ಅಂಕಕ್ಕೆ ಕ್ರಾಸ್ ಕಂಟ್ರಿ, ಅಂದರೆ ಬಯಲು-ಗುಡ್ಡಗಳ ಓಟದ, ಪದ್ಧತಿ ಉತ್ತಮ. ಇಲ್ಲಿ ಸ್ಥಾನವೇ ಅಂಕ, ಕಡಿಮೆ ಮೊತ್ತದ ತಂಡಕ್ಕೆ ಗೆಲುವು. ಪ್ರತಿ ತಂಡದಿಂದ 6 ಮಂದಿ ಓಡಿ, ಮೊದಲ 4 ಮಂದಿಯನ್ನು ಎಣಿಸುವುದಾದರೆ, 2, 5, 9, 14ನೇ ಸ್ಥಾನ ಪಡೆದ ನಿಮ್ಮ ತಂಡದ ಮೊತ್ತ 30; 1, 3, 10, 17ನೇ ಸ್ಥಾನದ ಎದುರಾಳಿಗಳದ್ದು 31. ಮೊದಲಿಗನಾಗಿ ಗುರಿ ಮುಟ್ಟಿದವನು ಅವರಲ್ಲಿದ್ದರೂ ಗೆಲುವು ನಿಮ್ಮದು. 15 ಮತ್ತು 16ನೆಯವರಾಗಿ ಬಂದ ನಿಮ್ಮ ಐದನೆಯ, ಆರನೆಯ ಓಟಗಾರರು ಎಣಿಕೆಗೆ ಸೇರದಿದ್ದರೂ, ಎದುರಾಳಿಗಳ ನಾಲ್ಕನೆಯವನನ್ನು 15ರಿಂದ 17ಕ್ಕೆ ತಳ್ಳಿದವರು ಅವರೇ. ಅವರಿಲ್ಲದಿದ್ದರೆ ಎದುರಾಳಿಗಳು 29 ಅಂಕದಿಂದ ಗೆಲ್ಲುತ್ತಿದ್ದರು. ಆದ್ದರಿಂದ ವರದಿಯಲ್ಲಿ ಆ ಇಬ್ಬರ ಹೆಸರನ್ನೂ ಕಾರಣಸಹಿತ ತಪ್ಪದೆ ಬರೆಯಿರಿ.