ಹಳೆಯ ನಿರ್ಧಾರಗಳನ್ನು ಮತ್ತೆ ತೂಗಿ ನೋಡುವುದು ಹೇಗೆ

ತೋಟ ಮಾರಬಾರದಿತ್ತು. ಓದು ಬಿಡಬಾರದಿತ್ತು. ಮಿಲಿಟರಿಗೆ ಸೇರಬೇಕಿತ್ತು. ಆಸ್ತಿ ಭಾಗದ ವಿಚಾರಕ್ಕೆ ಅಣ್ಣನ ಹತ್ತಿರ ಮಾತು ಬಿಡಬಾರದಿತ್ತು. ಕೊಡಗಿನಲ್ಲಿ ಐವತ್ತು ದಾಟಿದವರಲ್ಲಿ ಇಂಥದ್ದೊಂದು ಇಲ್ಲದವರು ಕಡಿಮೆ. ಇದನ್ನೇ ಮನಸ್ಸಿನಲ್ಲಿ ತಿರುಗಾ ಮುರುಗಾ ಹಾಕುತ್ತಿದ್ದರೆ ಕೊರಗು ಬೆಳೆಯುತ್ತದೆ, ಅಷ್ಟೆ. ಕಾಗದದ ಮೇಲೆ ಇಳಿಸಿ, ಪುರಾವೆ ಇಟ್ಟುಕೊಂಡು ನೋಡಿದರೆ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ: ಆಗ ಮಾಡಿದ್ದು ನಿಜಕ್ಕೂ ತಪ್ಪೇ? ತಪ್ಪಾಗಿದ್ದರೆ, ಅದರಲ್ಲಿ ಎಷ್ಟನ್ನು ಈಗಲೂ ಸರಿಪಡಿಸಬಹುದು?

ಇದಕ್ಕೆ ಕಕ್ಕಡ ತಿಂಗಳು ಒಳ್ಳೆಯ ಕಾಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಜಡಿಮಳೆ, ತೋಟದ ಕೆಲಸ ಕಡಿಮೆ, ಮದುವೆ-ಗೃಹಪ್ರವೇಶಗಳ ಓಡಾಟವೂ ಇರುವುದಿಲ್ಲ. ಬೇಕಾಗುವುದು ಇನ್ನೂರು ಪುಟದ ಒಂದು ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು, ಮನೆಯಲ್ಲಿರುವ ಹಳೆಯ ಕಾಗದ. ಮೊದಲ ಸಲ ಮೂರೇ ನಿರ್ಧಾರ ಆರಿಸಿಕೊಳ್ಳಿ. ಹತ್ತು ಹದಿನೈದು ಪಟ್ಟಿ ಮಾಡಿದವರು ಸಾಮಾನ್ಯವಾಗಿ ಪಟ್ಟಿಯಲ್ಲೇ ನಿಲ್ಲುತ್ತಾರೆ.

ಒಂದೊಂದು ನಿರ್ಧಾರಕ್ಕೂ ಎದುರುಬದುರಿನ ಎರಡು ಪುಟ ಬಿಡಿ. ಎಡಪುಟ ಆ ದಿನಕ್ಕೆ: ಇಸವಿ, ತಿಂಗಳು, ನಿಮ್ಮ ವಯಸ್ಸು, ಕೈಯಲ್ಲಿದ್ದ ಹಣ, ಮನೆಯ ಸಾಲ, ನಿಮ್ಮನ್ನು ನಂಬಿಕೊಂಡಿದ್ದವರು ಎಷ್ಟು ಮಂದಿ, ಎದುರಿಗಿದ್ದ ಬೇರೆ ದಾರಿಗಳು, ಯಾರ ಸಲಹೆ ಕೇಳಿದಿರಿ, ಯಾವುದಕ್ಕೆ ಹೆದರಿದಿರಿ. ಕಾಗದದಲ್ಲಿ ಸಿಕ್ಕಿದ್ದನ್ನು ನೀಲಿಯಲ್ಲಿ, ಬರೀ ನೆನಪಿನಿಂದ ಬಂದದ್ದನ್ನು ಕೆಂಪಿನಲ್ಲಿ ಬರೆಯಿರಿ. ಬಲಪುಟ ಈಗಿನ ವಿಚಾರಕ್ಕೆ. ಎಡಪುಟ ತುಂಬುವವರೆಗೆ ಅದನ್ನು ಮುಟ್ಟಬೇಡಿ. ಇಡೀ ಕೆಲಸದ ಗಟ್ಟಿತನ ಇರುವುದು ಈ ಎಡಪುಟದಲ್ಲಿ, ಹೆಚ್ಚಿನವರು ಅವಸರದಲ್ಲಿ ದಾಟಿಬಿಡುವುದೂ ಅದನ್ನೇ.

ಕಾಗದ ಯಾಕೆ ಬೇಕು? ಫಲಿತಾಂಶ ಗೊತ್ತಾದ ಮೇಲೆ "ಹೀಗಾಗುತ್ತದೆಂದು ಆಗಲೇ ಅನಿಸಿತ್ತು" ಎಂದು ಮನಸ್ಸು ನೆನಪನ್ನೇ ತಿದ್ದಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಈ ತಿದ್ದುವಿಕೆಗೆ ಮದ್ದು ಆ ದಿನವೇ ಬರೆದಿಟ್ಟ ಅಕ್ಷರ. ಬ್ಯಾಂಕ್ ಪಾಸ್‌ಬುಕ್, ಕಾಫಿ ಮಾರಿದ ಬಿಲ್ಲು, ಪಹಣಿ, ಅಂಕಪಟ್ಟಿ, ಇನ್‌ಲ್ಯಾಂಡ್ ಪತ್ರ ಎಲ್ಲವೂ ಆಗುತ್ತವೆ. ನಮ್ಮ ಕಡೆ ಇನ್ನೊಂದು ಅಪರೂಪದ ದಾಖಲೆಯಿದೆ: ಮಳೆ ಲೆಕ್ಕದ ಪುಸ್ತಕ. ಬೆಳಿಗ್ಗೆ ಮಾಪಕ ನೋಡಿ ಇಂಚು-ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಅಂಕಿಗಳ ಪಕ್ಕದ ಖಾಲಿ ಜಾಗ ನೋಡಿ. "ಹೂಮಳೆ ಇಲ್ಲ", "ಆಳು 6 ಮಾತ್ರ", "ಅಮ್ಮನಿಗೆ ಮೈಸೂರು ಆಸ್ಪತ್ರೆ" ಎಂಬಂಥ ಅರ್ಧ ಸಾಲುಗಳು ಅಲ್ಲಿರುತ್ತವೆ. ಕಾಫಿ ಹೂ ಅರಳಲು ಬೇಕಾದ ಮಾರ್ಚ್-ಏಪ್ರಿಲ್‌ನ ಹೂಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ದುಡ್ಡಿನ ಸ್ಥಿತಿ ಹೇಗಿತ್ತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. 2018ರ ಭೂಕುಸಿತದಲ್ಲಿ ಮನೆಯ ಜೊತೆ ಕಾಗದವನ್ನೂ ಕಳೆದುಕೊಂಡವರು ನೋಂದಾಯಿತ ಕ್ರಯಪತ್ರ, ವಿಭಾಗಪತ್ರಗಳ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆಯಬಹುದು.

ಕಾಗದ ಸಿಗದ ಕಡೆ ಆಗ ಮನೆಯಲ್ಲಿದ್ದ ಒಬ್ಬರನ್ನು ಕೇಳಿ. "ನಾನು ಮಾಡಿದ್ದು ತಪ್ಪಾ ಅಕ್ಕ?" ಎಂದರೆ ಸಮಾಧಾನದ ಮಾತು ಸಿಗುತ್ತದೆ, ಇಲ್ಲವೇ ಬೈಗುಳ. "ಆ ವರ್ಷ ಸೊಸೈಟಿ ಸಾಲ ಎಷ್ಟಿತ್ತು ಅಕ್ಕ? ಅಪ್ಪನ ಆಪರೇಷನ್ ಅದಕ್ಕೆ ಮುಂಚೆಯಾ, ಆಮೇಲಾ?" ಎಂದು ಕೇಳಿ. ಪುತ್ತರಿ ಸುಗ್ಗಿಹಬ್ಬಕ್ಕೆ ಎಲ್ಲರೂ ಸೇರಿದಾಗ, ಗ್ಲಾಸು ಕೈಯಲ್ಲಿರುವಾಗ ಈ ಮಾತು ಬೇಡ. ಯಾರ ತಪ್ಪು ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ.

ಈಗ ಬಲಪುಟ. ಮೇಲೆ ಎರಡು ಸಾಲು ಬರೆಯಿರಿ: "ನಿರ್ಧಾರ ಮಾಡಿದ ರೀತಿ" ಮತ್ತು "ಆದ ಫಲ". ಎರಡಕ್ಕೂ ಹತ್ತರಲ್ಲಿ ಬೇರೆ ಬೇರೆ ಅಂಕ ಕೊಡಿ.

1991ರಲ್ಲಿ ತೋಟದ ಒಂದು ಭಾಗ ಮಾರಿದ ಕುಟುಂಬವನ್ನು ಊಹಿಸಿಕೊಳ್ಳಿ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿದ್ದು ಜಗತ್ತಿನಾದ್ಯಂತ ಬೆಲೆ ಕುಸಿದಿತ್ತು. ಬೆಳೆಯನ್ನು, ಎಲ್ಲರದ್ದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕು, ಹಣ ಕಂತಿನಲ್ಲಿ ಬರಬೇಕು. ಜೊತೆಗೆ ಮನೆಯಲ್ಲಿ ಕಾಯಿಲೆ, ಸಾಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಚಳಿಗೆ ಕಾಫಿ ಹಾಳಾಗಿ ಬೆಲೆ ಜಿಗಿಯಿತು, 1996ರ ಹೊತ್ತಿಗೆ ಪೂಲ್ ಪದ್ಧತಿಯೂ ಹೋಯಿತು. ಇದು 1991ರಲ್ಲಿ ಮಡಿಕೇರಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಫಲಕ್ಕೆ ಎರಡು ಅಂಕ ಕೊಡಿ, ರೀತಿಗೆ ಏಳು ಕೊಡಲು ಹಿಂಜರಿಯಬೇಡಿ.

2003ರಲ್ಲಿ ಇದ್ದ ಹಣವನ್ನೆಲ್ಲ ವೆನಿಲಾಕ್ಕೆ ಸುರಿದು, ಆಮೇಲೆ ಬೆಲೆ ಕುಸಿದಾಗ ಕಳೆದುಕೊಂಡವರ ಲೆಕ್ಕ ಬೇರೆ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರಿತ್ತು. ಬಳ್ಳಿ ಕಾಯಿ ಬಿಡಲು ಸುಮಾರು ಮೂರು ವರ್ಷ ಬೇಕು, ಹೂವನ್ನು ಒಂದೊಂದಾಗಿ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು ಎಂಬುದು ಆಗಲೇ ಗೊತ್ತಿತ್ತು. ಮಡಗಾಸ್ಕರ್‌ನಲ್ಲೂ ಬಳ್ಳಿ ಮತ್ತೆ ಚಿಗುರುತ್ತದೆ, ನಮ್ಮ ಬೆಳೆ ಬರುವ ಹೊತ್ತಿಗೆ ಅವರದ್ದೂ ಬರುತ್ತದೆ ಎಂದು ಲೆಕ್ಕ ಹಾಕಬಹುದಿತ್ತು. ಇಲ್ಲಿ ಎಡವಿದ್ದು ರೀತಿಯಲ್ಲಿ. ಮುಂದಿನ ಸಲ ತಿದ್ದಿಕೊಳ್ಳಬೇಕಾದ್ದು ಇಂಥದ್ದನ್ನೇ: ಪಕ್ಕದವರು ಹಾಕಿದರೆಂದು ಹಾಕಿದೆವು, ಅರ್ಧ ಎಕರೆಯಲ್ಲಿ ನೋಡುವ ತಾಳ್ಮೆ ಇರಲಿಲ್ಲ.

ಮಾಡಿದ್ದಕ್ಕಿಂತ ಮಾಡದೇ ಬಿಟ್ಟದ್ದು ಕೊನೆಗಾಲದವರೆಗೆ ಕಾಡುತ್ತದೆ. ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಅಮೆರಿಕದ ಸಂಶೋಧಕರು 1990ರ ದಶಕದಲ್ಲಿ ಕಂಡದ್ದೂ ಇದೇ. ಹಿಡಿಯದ ದಾರಿಯಲ್ಲಿ ಕಷ್ಟ ಕಾಣಿಸುವುದಿಲ್ಲ, ಕಲ್ಪನೆಯಲ್ಲಿ ಅದು ಯಾವಾಗಲೂ ಸೊಗಸು. ಆದ್ದರಿಂದ ಆ ದಾರಿಯ ಒಂದು ಸಾಧಾರಣ ದಿನವನ್ನು ಅರ್ಧ ಪುಟ ಬರೆಯಿರಿ. ಮಿಲಿಟರಿಗೆ ಸೇರಿದ್ದರೆ ಪರೇಡು, ಪದಕದ ಜೊತೆ ಪುತ್ತರಿಗೆ ಸಿಗದ ರಜೆ, ಎರಡು ಮೂರು ವರ್ಷಕ್ಕೊಮ್ಮೆ ವರ್ಗ, ಅಪ್ಪ ಹಾಸಿಗೆ ಹಿಡಿದಾಗ ದೂರದ ಪೋಸ್ಟಿಂಗ್. ಇದನ್ನೂ ಬರೆದ ಮೇಲೂ ಮನಸ್ಸು ಅದನ್ನೇ ಬಯಸಿದರೆ ಆ ಆಸೆ ನಿಜವಾದದ್ದು. ಹಾಗಾದರೆ ಅದರಲ್ಲಿ ಬೇಕಾಗಿದ್ದದ್ದು ಸಮವಸ್ತ್ರವೋ, ಶಿಸ್ತೋ, ಊರು ಬಿಟ್ಟು ತಿರುಗಾಟವೋ ಎಂದು ಬಿಡಿಸಿ ನೋಡಿ.

ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಹಗಲಿನಲ್ಲಿ, ಮೂರು ನಾಲ್ಕು ದಿನ ಸಾಕು. ಬರೆದ ಕೂಡಲೇ ಮನಸ್ಸು ಸ್ವಲ್ಪ ಭಾರವಾಗುವುದು ಸಹಜ. ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಅಥವಾ ಒಂದೇ ಸಲವಾದರೂ ಬದುಕೇ ಬೇಡ ಅನಿಸಿದರೆ ತಕ್ಷಣ ಬರವಣಿಗೆ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದು, ಈಗ ಬದಲಾಯಿಸಬಹುದಾದ್ದು. ಓದು ಅರ್ಧಕ್ಕೆ ನಿಂತಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಬರೆಯಲು ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಅರೇಬಿಕಾ ಕಾಫಿ ಕಾಂಡಕೊರಕ ಹುಳುವಿಗೆ ಹೋಗಿ ರೋಬಸ್ಟಾ ಹಾಕಬೇಕಿತ್ತು ಎಂಬ ಕೊರಗಿದ್ದರೆ, ಇಂದು ನೆಟ್ಟರೂ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ. ಅರವತ್ತರಲ್ಲೂ ಆಗುವ ಕೆಲಸ, ಆದರೆ ಎಲ್ಲವನ್ನೂ ಒಟ್ಟಿಗೆ ಕೀಳದೆ ತುಂಡು ತುಂಡಾಗಿ ಮಾಡಿ. ಮಕ್ಕಳ ನಡುವೆ ಅದೇ ಭಾಗದ ಜಗಳ ಬರಬಾರದೆಂದಿದ್ದರೆ ವಕೀಲರನ್ನು ಕಂಡು, ಜಮೀನು ಯಾವ ಬಗೆಯದ್ದೆಂದು ಖಚಿತಪಡಿಸಿಕೊಂಡು ಉಯಿಲು ಬರೆಸಿ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪ್ರತಿಯೊಂದಕ್ಕೂ ದಿನಾಂಕ ಹಾಕಿ: ಸೆಪ್ಟೆಂಬರ್‌ನ ಕೈಲ್‌ಪೋದ್ ಹಬ್ಬದ ಒಳಗೆ ಇದು, ಅಕ್ಟೋಬರ್‌ನ ಕಾವೇರಿ ಸಂಕ್ರಮಣದ ಒಳಗೆ ಅದು.

ಅಣ್ಣನ ಜೊತೆ ಮಾತು ನಿಂತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಇಟ್ಟುಕೊಳ್ಳಿ, ಅದೊಂದಕ್ಕೆ ಕಾಲ ಕಾಯುವುದಿಲ್ಲ. ಮೊದಲ ಫೋನಿನಲ್ಲಿ ಭಾಗ, ಬಾಣೆ ಜಮೀನು, ಗಡಿ ಯಾವುದನ್ನೂ ಎತ್ತಬೇಡಿ. "ಅಣ್ಣಾ, ಆರೋಗ್ಯ ಹೇಗಿದೆ? ನಿಮ್ಮ ಕಡೆ ಮಳೆ ಎಷ್ಟಾಯಿತು?" ಎಂದಷ್ಟೇ ಕೇಳಿ, ಎರಡು ನಿಮಿಷ ಮಾತಾಡಿ ಇಡಿ. ವಾರ ಬಿಟ್ಟು ಮತ್ತೆ ಮಾಡಿ.